ಸೇತುವೆಯ ಮೇಲಿನ ಕಲ್ಲು

ಕೆಂಡಾಲ್
ಸೋಮವಾರ, ೬ ಅಕ್ಟೋಬರ್ ೧೮೬೨

ನನ್ನ ಮುದ್ದಿನ ಅಗಸ್ಟಾ ಅಕ್ಕನಿಗೆ,

ಮದುವೆ ಆಗಿಯೇ ಹೋಯಿತು ಅಕ್ಕಾ, ನಾನೀಗ ಜಬೆಜ್ ಹ್ಯಾಡ್ವೆನ್‌ನ ಹೆಂಡತಿ, ಅದೂ ಪಾದ್ರಿಯಿಲ್ಲದೆ, ಉಂಗುರವಿಲ್ಲದೆ, ಒಂದು ಹಾಡೂ ಇಲ್ಲದೆ! ಇದೇ ವಾರ ನೋಡಿಕೊಂಡು ನಿನಗೆ ಮಂಗನಬಾವು ಬರಬೇಕಿತ್ತೇ? ಎರಡು ಕೆನ್ನೆ ಊದಿಸಿಕೊಂಡು ನೀನು ಮಲಗಿರುವಾಗ ನಿನ್ನ ತಂಗಿ ಗುರುವಾರ ಬೂದುಬಣ್ಣದ ಸಾದಾ ರೇಷ್ಮೆ ಉಟ್ಟು ಜಬೆಜ್‌ನ ಕ್ವೇಕರ್ ಪಂಥದವರ ಸಭೆಯ ಮನೆಯಲ್ಲಿ ಕೂತಿದ್ದಳು. ನನಗೆ ಎಷ್ಟು ಸುಖವಾಗಿದೆಯೆಂದರೆ ಬರೆಯುವಾಗ ಲೇಖನಿ ಕುಣಿಯುತ್ತಿದೆ.

ಎಲ್ಲವನ್ನೂ ಹೇಳುತ್ತೇನೆ, ಕೇಳು. ಒಳಗೆ ಹೋಗಿ ಕೂತೆವು. ಎಲ್ಲರೂ ಸುಮ್ಮನೆ. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಅಪ್ಪ ಎರಡು ಸಲ ಗಡಿಯಾರ ತೆಗೆದು ನೋಡಿದರು. ಪಾದ್ರಿಗೆ ದಾರಿ ತಪ್ಪಿರಬೇಕೆಂದು ಎಡಿತ್ ಅತ್ತೆ ಪಕ್ಕದವರ ಕಿವಿಯಲ್ಲಿ ಹೇಳಿದ್ದು ಇಡೀ ಸಭೆಗೆ ಕೇಳಿಸಿತು. ನನಗೆ ನಗು ಬಂದು ನಾಲಗೆ ಕಚ್ಚಿಕೊಂಡೆ. ಆಗ ಜಬೆಜ್ ಎದ್ದು ನಿಂತು ನನ್ನ ಕೈ ಹಿಡಿದು, ಲವೀನಿಯಾಳನ್ನು ಹೆಂಡತಿಯಾಗಿ ಸ್ವೀಕರಿಸುತ್ತೇನೆ, ಬದುಕಿರುವವರೆಗೆ ಪ್ರೀತಿಯಿಂದಲೂ ನಿಷ್ಠೆಯಿಂದಲೂ ಇರುತ್ತೇನೆ ಎಂದ. ನಾನೂ ಹಾಗೆಯೇ ಹೇಳಿದೆ. ಮತ್ತೆ ಮೌನ. ಮದುವೆ ಮುಗಿಯಿತು!

ಆಮೇಲೆ ದೊಡ್ಡ ಕಾಗದವೊಂದಕ್ಕೆ ಅಲ್ಲಿದ್ದವರೆಲ್ಲ ರುಜು ಹಾಕಬೇಕು. ನೋಡಿದವರೆಲ್ಲ ಸಾಕ್ಷಿ, ಅದು ಇವರ ಪದ್ಧತಿ. ಅರುವತ್ತಮೂರು ಹೆಸರು. ಎಲ್ಲ ಮುಗಿದ ಮೇಲೆ ನನ್ನ ಅತ್ತೆ, ಜಬೆಜ್‌ನ ತಾಯಿ ಡೆಬೊರಾ, ಸುತ್ತ ನೋಡಿ, "ಬಾಗಿಲ ಹತ್ರ ಕುದುರೆ ಹಿಡ್ಕೊಂಡು ನಿಂತಿದ್ನಲ್ಲ, ಅವನು ಯಾಕೆ ಬರಲಿಲ್ಲ?" ಎಂದರು. ನಮ್ಮ ಟೋಬಿ ಅಕ್ಕಾ! ಮೂವತ್ತು ವರ್ಷದಿಂದ ನಮ್ಮ ಬಂಡಿ ಹೊಡೆದವನು, ನಮ್ಮನ್ನು ಹೆಗಲ ಮೇಲೆ ಹೊತ್ತು ತಿರುಗಿದವನು, ಬಾಗಿಲಾಚೆಯಿಂದಲೇ ಎಲ್ಲ ನೋಡಿದ್ದನಂತೆ. ಟೊಪ್ಪಿ ತಿರುವುತ್ತ ಬಂದು, ಓದುಬರಹ ಬಾರದ್ದರಿಂದ ಒಂದು ಅಡ್ಡಗೀಟು ಒಂದು ಉದ್ದಗೀಟು ಎಳೆದ. ಕಣ್ಣಲ್ಲಿ ನೀರು. ಅಪ್ಪನ ಮುಖ ನೋಡಬೇಕಿತ್ತು ನೀನು.

ಊಟ ಎಡಿತ್ ಅತ್ತೆಯ ಮನೆಯಲ್ಲಿ. ಅಲ್ಲಿಂದ ರೈಲು ನಿಲ್ದಾಣಕ್ಕೆ ಹೊರಟಾಗ ನಮ್ಮನ್ನು ಬೀಳ್ಕೊಡಲು ರೂಪರ್ಟ್ ಅಣ್ಣ ಟೋಬಿಯ ಪಕ್ಕ ಮುಂದಿನ ಪೀಠ ಹತ್ತಿದ. ಗಿರಣಿಯ ತಿರುವು ದಾಟುತ್ತಿದ್ದಂತೆ ಟೋಬಿಯನ್ನು ಪಕ್ಕಕ್ಕೆ ನೂಕಿ ಲಗಾಮು ತಾನೇ ಹಿಡಿದ! ನಾನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕರವಸ್ತ್ರ ಬೀಸುತ್ತಿದ್ದೆ. ಅಬ್ಬಾ, ಏನು ಓಟ ಅದು! ಜಬೆಜ್ ಪಾಪ ಒಳಗೆ ತಿಂಡಿಯ ಬುಟ್ಟಿ ತಬ್ಬಿಕೊಂಡು ಕೂತಿದ್ದ, ಅವನಿಗೆ ಏನೂ ಕಾಣಿಸಲಿಲ್ಲ. ಸೇತುವೆಯ ಮೇಲೆ ಬಂಡಿ ಧಡಕ್ಕನೆ ಹಾರಿ ನನ್ನ ಟೊಪ್ಪಿ ಅವನ ಮಡಿಲಿಗೆ ಬಿತ್ತು. ಯಾರೋ ಒಗೆದ ಬಿಳಿ ಬಟ್ಟೆಗಳು ಪಾರಿವಾಳಗಳ ಹಾಗೆ ಗಾಳಿಗೆದ್ದವು. ಏನದು ಎಂದು ಜಬೆಜ್ ಕೇಳಿದ. ಕಲ್ಲು ಎಂದೆ. ನಕ್ಕೆವು.

ಇಲ್ಲಿ ಪಿಯಾನೊ ಇಲ್ಲ. ಇರಲಿ, ನನಗೆ ಬೇಸರವೇ ಇಲ್ಲ!

ಸಾವಿರ ಮುತ್ತುಗಳೊಂದಿಗೆ,
ನಿನ್ನ ಲವಿ


ಯಾರ್ಕ್
ಶನಿವಾರ, ೧೧ ಅಕ್ಟೋಬರ್ ೧೮೬೨

ಪ್ರೀತಿಯ ಲವಿ,

ನಿನ್ನ ಕಾಗದ ತಲುಪಿತು. ಕೆನ್ನೆಯ ಬಾವು ಇಳಿದಿದೆ. ನೀನು ಸುಖವಾಗಿರುವುದು ಎಲ್ಲರಿಗೂ ಸಂತೋಷ.

ಒಂದು ವಿಷಯವಿದೆ. ಗಾಬರಿಯಾಗಬೇಡ. ಅಂದು ಸೇತುವೆಯ ಮೇಲೆ ಹಾನಾ ಪ್ರಾಕ್ಟರ್ ಎಂಬ ಅಗಸಗಿತ್ತಿ ಚಕ್ರಕ್ಕೆ ಸಿಕ್ಕಿ ಕಾಲು ಮುರಿದುಕೊಂಡಿದ್ದಾಳೆ. ವೈದ್ಯರನ್ನು ಅಪ್ಪನೇ ಕಳಿಸಿದ್ದಾರೆ, ಅವಳು ಸುಧಾರಿಸುತ್ತಾಳೆ. ಟೋಬಿಯನ್ನು ವಿಚಾರಣೆಗೆಂದು ಇಟ್ಟುಕೊಂಡಿದ್ದಾರೆ. ಮದುವೆಯ ಮನೆಯಲ್ಲಿ ಅವನು ಸ್ವಲ್ಪ ಕುಡಿದಿದ್ದನೆಂದು ರೂಪರ್ಟ್ ಹೇಳುತ್ತಾನೆ.

ರೂಪರ್ಟ್ ಲಗಾಮು ಹಿಡಿದಿದ್ದನೆಂದು ನೀನು ಬರೆದಿದ್ದೀಯೆ. ಹಾಗಾಗಿರಲಾರದು. ಮದುವಣಗಿತ್ತಿಗೆ ಆ ಹೊತ್ತಿನಲ್ಲಿ ಕಣ್ಣೆಲ್ಲಿರುತ್ತದೆ? ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಮತ್ತೆ ಆ ಮಾತು ಬರೆಯಬೇಡ. ಬರುವ ಏಪ್ರಿಲ್‌ನಲ್ಲಿ ರೂಪರ್ಟ್‌ನ ಮದುವೆ, ಹೆಣ್ಣಿನ ಕಡೆಯವರು ಎಷ್ಟು ಮಾನವಂತರೆಂದು ನಿನಗೇ ಗೊತ್ತು.

ನಿನ್ನ ಗಂಡನಿಗೆ ಇದನ್ನು ಹೇಳುವ ಅಗತ್ಯವೂ ಇಲ್ಲ. ಹೇಗೂ ಅವರು ಮೌನದ ಜನ. ನಿನಗೂ ಅಭ್ಯಾಸವಾಗಲಿ.

ನಿನ್ನ ಅಕ್ಕ,
ಅಗಸ್ಟಾ


ಕೆಂಡಾಲ್
ಸೋಮವಾರ, ೨೦ ಅಕ್ಟೋಬರ್ ೧೮೬೨

ಅಕ್ಕಾ,

ನಿನ್ನ ಕಾಗದ ಬಂತು. ಎಂಟು ದಿನದಿಂದ ಉತ್ತರ ಬರೆಯಲು ಕೂತು ಕೂತು ಎದ್ದಿದ್ದೇನೆ. ಆ ಹೆಂಗಸು ಈಗ ನಡೆಯುತ್ತಾಳೆಯೇ? ಟೋಬಿ ಮನೆಗೆ ಬಂದನೇ? ಬಂದಿರುತ್ತಾನೆ. ಬಂದಿರಲೇಬೇಕು. ನೀನು ಹೇಳಿದ್ದು ಸರಿಯಿರಬಹುದು ಅಕ್ಕಾ, ಮುಖದ ಮೇಲೆ ಮುಸುಕಿತ್ತು, ಗಾಳಿಯಿತ್ತು, ನಾನು ಸರಿಯಾಗಿ ನೋಡಿರಲಾರೆ.

ಬೇರೆ ಮಾತಾಡೋಣ. ಈ ಮನೆಯಲ್ಲಿ ದಿನಕ್ಕೊಂದು ಆಘಾತ ನನಗೆ. ಇವರು ಎಲ್ಲರಿಗೂ ಏಕವಚನ! ಊರ ಮೇಯರ್‌ಗೂ ನೀನು, ಹಾಲಿನವಳಿಗೂ ನೀನು. ಮೊದಲ ದಿನ ಅತ್ತೆಗೆ "ನೀವು ಚಹಾ ತಗೊಳ್ತೀರಾ" ಎಂದೆ. ಅವರು ಹಿಂದೆ ಮುಂದೆ ತಿರುಗಿ ನೋಡಿ, "ನಾನೊಬ್ಬಳೇ ಕಣಮ್ಮ ಇರೋದು. ನಿನ್ನ ಕಣ್ಣಿಗೆ ಎಷ್ಟು ಜನ ಕಾಣ್ತಿದೀವಿ?" ಎಂದರು. ಅತ್ತೆಗೆ ನೀನು ಎನ್ನಲು ನಾಲಗೆ ಹೊರಳುವುದಿಲ್ಲ. ಇನ್ನೂ ಎರಡನ್ನೂ ನುಂಗಿ ಬರೀ "ಚಹಾ?" ಎನ್ನುತ್ತೇನೆ.

ವಾರದ ದಿನಗಳಿಗೂ ಹೆಸರಿಲ್ಲ. ಭಾನುವಾರ ಮೊದಲ ದಿನ, ಸೋಮವಾರ ಎರಡನೇ ದಿನ. ಐದನೇ ದಿನ ಊಟಕ್ಕೆ ಬನ್ನಿ ಎಂದು ನೆರೆಯವರು ಕರೆದಿದ್ದರು. ನಾನು ಶುಕ್ರವಾರವೆಂದು ಎಣಿಸಿ ಅಲಂಕಾರ ಮಾಡಿಕೊಂಡು ಇಳಿದು ಬಂದರೆ ಊಟ ಹಿಂದಿನ ದಿನವೇ ಆಗಿಹೋಗಿತ್ತು. ನನಗೆ ತಲೆನೋವೆಂದುಕೊಂಡು ಅವರೆಲ್ಲ ನನ್ನನ್ನು ಮಲಗಲು ಬಿಟ್ಟು ಹೋಗಿದ್ದರು!

ಇವರ ಉಣ್ಣೆ ಬಟ್ಟೆಯ ಅಂಗಡಿಯ ಕಥೆ ಕೇಳು. ಬೇಕರಿಯವನ ಹೆಂಡತಿ ಹಸಿರು ಉಣ್ಣೆ ಬಟ್ಟೆ ಹೊದ್ದು ನೋಡುತ್ತಿದ್ದಳು. ನಾನು ಗಲ್ಲಾದ ಹಿಂದಿನಿಂದ, "ಅಯ್ಯೋ, ಈ ಬಣ್ಣ ನಿಮಗೆ ಎಷ್ಟು ಒಪ್ಪುತ್ತೆ!" ಎಂದೆ. ಕೊಂಡು ಹೋದಳು. ಅತ್ತೆ ಬಂದು ಕೇಳಿದರು:

"ಒಪ್ತಿತ್ತಾ?"

"ಇಲ್ಲ. ಬೇಯಿಸಿದ ಎಲೆಕೋಸಿನ ಥರ ಕಾಣ್ತಿದ್ಲು."

ಅತ್ತೆ ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿಸಿ, ಟೊಪ್ಪಿ ಕಟ್ಟಿಕೊಂಡು ಬೇಕರಿಗೆ ಹೊರಟೇಬಿಟ್ಟರು, ನಮ್ಮ ಸೊಸೆ ಬಾಯಿತಪ್ಪಿ ಹೇಳಿದಳು, ಬೇಡವಾದರೆ ಬಟ್ಟೆ ವಾಪಸು ಕೊಡು ಎನ್ನಲು! ನಾನು ನಾಚಿಕೆಯಿಂದ ಕಪಾಟಿನ ಹಿಂದೆ ಅಡಗಿದೆ. ಒಪ್ಪದಿದ್ದರೆ ಅಷ್ಟೇ ಹೋಯಿತು, ಬೆಚ್ಚಗಿದೆ ಎಂದಳಂತೆ ಆ ತಾಯಿ.

ಆದರೆ ಅಕ್ಕಾ, ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಅದಲ್ಲ. ನಿನ್ನ ಕಾಗದ ಬಂದ ದಿನ ಅತ್ತೆ, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಕೇಳಿದರು. ಎಲ್ಲ ಕ್ಷೇಮ ಎಂದೆ. ಒಳ್ಳೆಯದಾಯಿತು ಎಂದು ಬ್ರೆಡ್ ಕೊಯ್ಯತೊಡಗಿದರು. ನಮ್ಮ ಮನೆಯಲ್ಲಾದರೆ ಅಪ್ಪ ಮುಖ ನೋಡುತ್ತಾರೆ, ನೀನು ದನಿ ಕೇಳಿಯೇ ಹಿಡಿಯುತ್ತೀಯೆ. ಇಲ್ಲಿ ನಾನು ಹೇಳಿದ್ದೇ ನಿಜ. ಯಾರೂ ತಿರುವಿ ನೋಡುವುದಿಲ್ಲ. ಅದು ಎಷ್ಟು ಭಯದ ಸಂಗತಿಯೆಂದು ನಿನಗೆ ಹೇಗೆ ಹೇಳಲಿ?

ಸಾವಿರ ಮುತ್ತು ಎಂದು ಬರೆಯಹೊರಟೆ. ಜಬೆಜ್ ಬೆನ್ನ ಹಿಂದಿನಿಂದ, "ಸಾವಿರಾನೂ ಎಣಿಸ್ತೀಯಾ?" ಎಂದು ಕೇಳಿ ನಗುತ್ತ ಹೋದ. ಹಾಗಾಗಿ ಹತ್ತು.

ನಿನ್ನ ಲವಿ


ಯಾರ್ಕ್
ಶನಿವಾರ, ೨೨ ನವೆಂಬರ್ ೧೮೬೨

ಲವಿ,

ತಿಂಗಳಿಗೂ ಮೇಲೆ ಬರೆಯಲಿಲ್ಲ, ಬರೆಯುವಂಥದ್ದು ಏನೂ ಇರಲಿಲ್ಲ. ಈಗ ಇದೆ. ಹಾನಾ ಪ್ರಾಕ್ಟರ್ ಮೊನ್ನೆ ತೀರಿಕೊಂಡಳು. ಕಾಲಿನ ಗಾಯ ವಿಷವಾಯಿತು. ಟೋಬಿ ಇನ್ನೂ ಸೆರೆಮನೆಯಲ್ಲೇ ಇದ್ದಾನೆ. ನಿನ್ನ ನೆಮ್ಮದಿ ಕೆಡಿಸುವುದು ಬೇಡವೆಂದು ತಿಳಿಸಿರಲಿಲ್ಲ. ಅವನ ಮೇಲೀಗ ನರಹತ್ಯೆಯ ಆರೋಪ. ವಿಚಾರಣೆ ಡಿಸೆಂಬರ್ ಹನ್ನೊಂದು, ಗುರುವಾರ. ಆರೋಪಿಗೆ ಕಟಕಟೆಯಲ್ಲಿ ನಿಂತು ಸಾಕ್ಷಿ ನುಡಿಯುವ ಅವಕಾಶ ಕಾನೂನಿನಲ್ಲಿ ಇಲ್ಲವಂತೆ. ಆದ್ದರಿಂದ ಬೇರೆಯವರ ಮಾತಿನ ಮೇಲೆಯೇ ಎಲ್ಲ ನಿಂತಿದೆ.

ರೂಪರ್ಟ್ ಸಾಕ್ಷಿ ಹೇಳುತ್ತಾನೆ. ಆದರೆ ಅಪ್ಪನ ವಕೀಲರಿಗೆ ಜಬೆಜ್‌ನ ಹೇಳಿಕೆಯೂ ಬೇಕು. ಕ್ವೇಕರರು ಆಣೆ ಇಡುವುದಿಲ್ಲ, ಬರೀ ಹೌದು ಎನ್ನುತ್ತಾರೆ, ಆದರೂ ಅವರ ಒಂದು ಹೌದಿಗೆ ಹತ್ತು ಜನರ ಆಣೆಯ ತೂಕವಿದೆ ಎನ್ನುತ್ತಾರೆ ವಕೀಲರು. ಹೇಳಿಕೆಯ ಕಾಗದ ಈ ವಾರ ಅವನಿಗೆ ತಲುಪುತ್ತದೆ. ಬಂಡಿ ಹತ್ತುವಾಗ ಲಗಾಮು ಟೋಬಿಯ ಕೈಯಲ್ಲಿತ್ತು, ದಾರಿಯಲ್ಲಿ ಬಂಡಿ ನಿಲ್ಲಲಿಲ್ಲ, ಸೇತುವೆಯ ಮೇಲೆ ಒಮ್ಮೆ ಕುಲುಕಿತು, ಅಷ್ಟೇ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅವನ ಅಂತಃಕರಣಕ್ಕೆ ಯಾವ ತೊಂದರೆಯೂ ಆಗುವುದಿಲ್ಲ. ಅವನು ತನಗೆ ತಿಳಿದಷ್ಟನ್ನು ಹೇಳಿದರೆ ಸಾಕು.

ನೀನು ಏನೂ ಮಾಡಬೇಕಾಗಿಲ್ಲ ಲವಿ. ಏನೂ ಮಾಡಬೇಡ.

ಅಗಸ್ಟಾ


ಕೆಂಡಾಲ್
ಭಾನುವಾರ, ೩೦ ನವೆಂಬರ್ ೧೮೬೨

ಅಕ್ಕಾ,

ಅವಳು ಸತ್ತಳೆಂದು ಅಷ್ಟು ಸರಾಗವಾಗಿ ಹೇಗೆ ಬರೆದೆ? ಏಳು ವಾರ ಟೋಬಿ ಸೆರೆಯಲ್ಲಿದ್ದ, ನಾನಿಲ್ಲಿ ಎಲೆಕೋಸಿನ ಹಾಸ್ಯ ಬರೆಯುತ್ತಿದ್ದೆ. ನನ್ನ ನೆಮ್ಮದಿಯಂತೆ! ನನಗೆ ನಿನ್ನ ಮೇಲೆ ಸಿಟ್ಟು ಬರಬೇಕು, ಬರುತ್ತಿಲ್ಲ. ನಾನೂ ಕೇಳಲಿಲ್ಲವಲ್ಲ. ಬಂದಿರಲೇಬೇಕು ಎಂದು ಬರೆದು ಮುಚ್ಚಿಬಿಟ್ಟೆ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ವಕೀಲರ ಕಾಗದ ಶುಕ್ರವಾರ ಬೆಳಗಿನ ಉಪಾಹಾರದ ಹೊತ್ತಿಗೆ ಬಂತು. ಇಲ್ಲಿ ಊಟಕ್ಕೆ ಮೊದಲು ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ. ಅದಾದ ಮೇಲೆ ಜಬೆಜ್ ಕಾಗದವನ್ನು ಎರಡು ಸಲ ಓದಿದ. ಹಾನಾ ಚಕ್ರಕ್ಕೆ ಸಿಕ್ಕಿದ್ದೂ ಸತ್ತದ್ದೂ ಅವನಿಗೆ ಅದರಿಂದಲೇ ತಿಳಿದದ್ದು. ನಿನಗೆ ಗೊತ್ತಿತ್ತೇ ಎಂದು ನನ್ನನ್ನು ಕೇಳಲಿಲ್ಲ ಅಕ್ಕಾ. ಗೊತ್ತಿದ್ದರೆ ಹೇಳುತ್ತಿದ್ದೆ ಎಂದೇ ಅವನ ಲೆಕ್ಕ. ಲೇಖನಿ ತರಿಸಿ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ಹೌದು, ಹೌದು ಎನ್ನುತ್ತ ಬಂದ. ಕುಲುಕಿದ ಸಾಲಿಗೆ ಬಂದಾಗ ತಲೆಯೆತ್ತಿದ.

"ಲವೀನಿಯಾ, ಕಲ್ಲು ಅಂದಿದ್ದೆ ನೀನು. ಅದನ್ನೂ ಸೇರಿಸಲಾ?"

ಅವನ ತಲೆಯ ಹಿಂದೆ ಗೋಡೆಯ ಮೇಲೆ ನಮ್ಮ ಮದುವೆಯ ಕಾಗದಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಅರುವತ್ತಮೂರು ಹೆಸರು, ಕೊನೆಯಲ್ಲಿ ಟೋಬಿಯ ಎರಡು ಗೀಟು. ಅವನು ನೋಡಿದ್ದ, ಅದಕ್ಕೇ ಗೀಟು ಎಳೆದಿದ್ದ. ನಾನೂ ನೋಡಿದ್ದೆ.

"ಅದು ಕಲ್ಲಲ್ಲ," ಎಂದೆ.

ಎಲ್ಲ ಹೇಳಿದೆ. ಗಿರಣಿಯ ತಿರುವು, ರೂಪರ್ಟ್‌ನ ಕೈಯಲ್ಲಿ ಲಗಾಮು, ನಿನ್ನ ಎರಡು ಕಾಗದ. ಅತ್ತೆ ಚಹಾದ ಪಾತ್ರೆ ಕೆಳಗಿಟ್ಟರು. ನಾನು ಬೈಗುಳಕ್ಕೆ ಕಾದೆ. ಅಪ್ಪನಾಗಿದ್ದರೆ ತಟ್ಟೆ ಹಾರುತ್ತಿತ್ತು. ಯಾರೂ ಮಾತಾಡಲಿಲ್ಲ. ಮದುವೆಯ ದಿನದ ಮೌನಕ್ಕೆ ನಗು ಬಂದಿತ್ತಲ್ಲ, ಈ ಮೌನದಲ್ಲಿ ನನಗೆ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ. ಕೊನೆಗೆ ಜಬೆಜ್ ಹೇಳಿದ್ದು ಇಷ್ಟೇ:

"ಎರಡು ತಿಂಗಳಿಂದ ನಾನು ಆ ಕಲ್ಲನ್ನ ನಂಬಿಕೊಂಡಿದ್ದೆ."

ಕಾಗದವನ್ನು ರುಜು ಹಾಕದೆ ಮಡಿಸಿ ಜೇಬಿಗೆ ಸೇರಿಸಿ ಅಂಗಡಿ ತೆರೆಯಲು ಹೋದ. ದಿನವಿಡೀ ಉಣ್ಣೆ ಅಳೆದ.

ನಿನಗೆ ಅರ್ಥವಾಗುತ್ತಿದೆಯೇ ಅಕ್ಕಾ? ಅವನು ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ, ಅದಕ್ಕೇ ವಕೀಲರಿಗೆ ಅವನು ಬೇಕಾದದ್ದು. ಅವನ ಬಾಯಿಂದ ಬರುವ ನಿಜವನ್ನು ಇಟ್ಟುಕೊಂಡೇ ಟೋಬಿಯನ್ನು ಮುಗಿಸಬಹುದಿತ್ತು. ಆ ನಿಜವನ್ನು ಸುಳ್ಳು ಮಾಡಿ ಅವನ ಕೈಗೆ ಕೊಟ್ಟವಳು ನಾನು, ಒಂದೇ ಒಂದು ಪದದಿಂದ. ಇನ್ನರ್ಧ ನಿಮಿಷ ತಡವಾಗಿದ್ದರೆ ರುಜು ಬೀಳುತ್ತಿತ್ತು.

ಸಂಜೆ, ನಾನೇನು ಮಾಡಲಿ ಹೇಳು ಎಂದು ಅವನ ಕೈ ಹಿಡಿದೆ. ಹೋಗು ಎಂದರೆ ಹೋಗುತ್ತೇನೆ, ಬೇಡ ಎಂದರೆ ಇಲ್ಲ ಎಂದೆ.

"ನಾನು ನೋಡಿಲ್ಲ. ನೋಡಿದ್ದು ನೀನು," ಎಂದ.

"ಗಂಡನಾಗಿ ನೀನು ಹೇಳೋದು ಏನೂ ಇಲ್ವಾ?"

"ನಿನ್ನ ಬಾಯಿ ನನ್ನದಲ್ಲ ಲವೀನಿಯಾ. ನೀನು ಎಷ್ಟು ಹೊತ್ತು ಯೋಚಿಸ್ತೀಯೋ ಅಷ್ಟು ಹೊತ್ತು ಪಕ್ಕದಲ್ಲಿ ಕೂತಿರ್ತೀನಿ."

ಕೂತೇ ಇದ್ದ. ದೀಪದ ಎಣ್ಣೆ ಮುಗಿಯಿತು. ಅತ್ತೆ ಏನೂ ಹೇಳದೆ ಇನ್ನೊಂದು ದೀಪ ತಂದಿಟ್ಟು ತಾವೂ ಕೂತರು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ನನಗೆ ಧೈರ್ಯವಿಲ್ಲ ಅಕ್ಕಾ. ರೂಪರ್ಟ್ ಅಣ್ಣನ ಮೇಲೆ ನಾನೇ ಸಾಕ್ಷಿ ಹೇಳುವುದೇ? ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ನನ್ನ ಗೊಂಬೆಗಳಿಗೆಲ್ಲ ಔಷಧಿ ಕುಡಿಸಿದವನು ಅವನು. ಇನ್ನು ಹನ್ನೊಂದು ದಿನವಿದೆ. ಅವನೇ ಹೋಗಿ ಹೇಳಲಿ. ನಿನ್ನ ಮಾತು ಅವನು ಕೇಳುತ್ತಾನೆ. ನಿನ್ನ ಕಾಲಿಗೆ ಬೀಳುತ್ತೇನೆ, ಅವನ ಬಾಯಿಂದಲೇ ಹೇಳಿಸು.

ಲವಿ


ಯಾರ್ಕ್
ಗುರುವಾರ, ೪ ಡಿಸೆಂಬರ್ ೧೮೬೨

ಲವಿ,

ಗಂಡನಿಗೆ ಹೇಳಿಬಿಟ್ಟೆಯಾ! ಒಂದೇ ಒಂದು ಕೆಲಸ ಕೇಳಿದ್ದೆ ನಿನ್ನನ್ನು, ಸುಮ್ಮನಿರುವ ಕೆಲಸ. ಮೌನದವರ ಮನೆ ಸೇರಿಯೂ ಅದು ನಿನ್ನಿಂದ ಆಗಲಿಲ್ಲ.

ರೂಪರ್ಟ್ ಹೇಳುವುದಿಲ್ಲ. ಕೇಳಿದೆ, ಅತ್ತು ಕೇಳಿದೆ. ಊಟ ಬಿಟ್ಟಿದ್ದಾನೆ, ಮಗುವಿನಂತೆ ಗೋಡೆಗೆ ಮುಖ ಮಾಡಿ ಮಲಗುತ್ತಾನೆ, ಆದರೆ ಹೇಳುವುದಿಲ್ಲ. ಅಪ್ಪ ಬಾಗಿಲಲ್ಲಿ ನಿಂತು, ಟೋಬಿಗೆ ಹೆಂಡತಿ ಮಕ್ಕಳಿಲ್ಲ, ಒಂದು ವರ್ಷ ಒಳಗಿದ್ದು ಬಂದರೆ ಕೊನೆಯವರೆಗೆ ಸಾಕುತ್ತೇನೆ ಎಂದರು. ನೀನು ಕಟಕಟೆ ಹತ್ತಿದರೆ ಈ ಮನೆಗೆ ಒಬ್ಬಳೇ ಮಗಳು ಎಂದೂ ಹೇಳಿದರು. ಅವರು ಹೇಳಿದಂತೆಯೇ ಬರೆದಿದ್ದೇನೆ.

ನಿನ್ನೆ ಸೆರೆಮನೆಗೆ ಹೋಗಿದ್ದೆ. ಯಾರಿಗೂ ಗೊತ್ತಿಲ್ಲ. ಉಣ್ಣೆಯ ಕಾಲುಚೀಲ ಕೊಡಬೇಕಿತ್ತು, ಅಷ್ಟೇ. ಟೋಬಿ ಅರ್ಧವಾಗಿದ್ದಾನೆ. ನನ್ನನ್ನು ನೋಡಿ ಎದ್ದು ನಿಂತ, ನಿಲ್ಲಲಾಗದೆ ಗೋಡೆ ಹಿಡಿದ. ಮೊದಲು ಕೇಳಿದ್ದು ಕುದುರೆಗಳ ಬಗ್ಗೆ. ಆಮೇಲೆ ನಿನ್ನ ಬಗ್ಗೆ.

"ಚಿಕ್ಕಮ್ಮಣ್ಣಿ ಕಿಟಕಿಯಿಂದ ನಗ್ತಾ ಕೈ ಬೀಸ್ತಿದ್ರು," ಎಂದ. "ಅವ್ರು ಎಲ್ಲಾ ನೋಡವ್ರೆ. ಆದ್ರೆ ಅವ್ರನ್ನ ಕರೀಬ್ಯಾಡಿ ತಾಯಿ. ಈಗಿನ್ನೂ ಮದ್ವೆ ಆಗವ್ರೆ."

ಕಾಲುಚೀಲವನ್ನು ಕೊಡುವುದು ಮರೆತು ಕೈಯಲ್ಲೇ ಹಿಡಿದು ಮನೆಗೆ ಬಂದೆ.

ಇದರೊಂದಿಗೆ ನಿನ್ನ ಮೊದಲ ಕಾಗದ ಇಟ್ಟಿದ್ದೇನೆ. ಒಲೆಗೆ ಹಾಕಿದೆ ಎಂದಿದ್ದು ಸುಳ್ಳು. ಹಾಕಲು ಎರಡು ಸಲ ಹೋಗಿದ್ದೆ. ಯಾಕೆ ಹಾಕಲಿಲ್ಲ ಎಂದು ಕೇಳಬೇಡ, ಯಾಕೆ ಕಳಿಸುತ್ತಿದ್ದೇನೆ ಎಂದೂ ಕೇಳಬೇಡ. ನೀನು ಬರಬೇಡ ಎಂದೇ ನಾನು ಹೇಳುತ್ತಿದ್ದೇನೆ.

ಅಗಸ್ಟಾ


ಕೆಂಡಾಲ್
ಮೊದಲ ದಿನ, ಹನ್ನೆರಡನೇ ತಿಂಗಳ ಏಳು, ೧೮೬೨

ಅಕ್ಕಾ,

ನನ್ನದೇ ಕಾಗದವನ್ನು ಓದಿದೆ. ಯಾರೋ ಹುಚ್ಚು ಹುಡುಗಿ ಬರೆದಂತಿದೆ. ಪಾರಿವಾಳಗಳ ಹಾಗೆ ಎಂದಿದ್ದೇನೆ.

ಇವತ್ತು ಸಭೆಯಲ್ಲಿ ಒಂದು ಗಂಟೆ ಕೂತಿದ್ದೆ. ಈ ಮೌನದಲ್ಲಿ ಏನೋ ಒಳದನಿ ಕೇಳಿಸುತ್ತದೆಂದು ಇವರೆಲ್ಲ ಹೇಳುತ್ತಾರೆ. ನನಗೆ ಯಾವ ದನಿಯೂ ಕೇಳಿಸಲಿಲ್ಲ. ಸೇತುವೆ ಮಾತ್ರ ಕಾಣಿಸಿತು, ಮತ್ತೆ ಮತ್ತೆ. ಬಿಳಿ ಬಟ್ಟೆ ಮೇಲೇಳುತ್ತದೆ, ಅದರ ತುದಿಯಲ್ಲಿ ಒಂದು ಕೈ ಇದೆ. ಅಕ್ಕಾ, ಆ ಕೈಯನ್ನು ನಾನು ಅಂದೇ ನೋಡಿದ್ದೆ. ನೋಡಿಯೇ ಕಲ್ಲು ಎಂದದ್ದು.

ಸಾಕ್ಷಿ ಹೇಳಲು ಬರುತ್ತೇನೆಂದು ಟೋಬಿಯ ವಕೀಲನಿಗೆ ನಿನ್ನೆ ಬರೆದು ಹಾಕಿದೆ. ಆಣೆ ಇಡದೆಯೂ ಹೇಳಬಹುದೆಂದು ಜಬೆಜ್ ವಿಚಾರಿಸಿ ತಿಳಿಸಿದ. ನ್ಯಾಯಾಧೀಶನಿಗೆ ನೀನು ಎನ್ನುತ್ತೇನೋ ನೀವು ಎನ್ನುತ್ತೇನೋ ಗೊತ್ತಿಲ್ಲ, ಆ ಹೊತ್ತಿಗೆ ಬಾಯಿಗೆ ಬಂದದ್ದು. ಇಂದು ಬೆಳಿಗ್ಗೆ ಮಾತ್ರ ಅತ್ತೆಗೆ "ನೀನೂ ಬರ್ತೀಯಾ" ಎಂದೆ. ಬರ್ತೀನಿ ಎಂದಳು. ನಾವಿಬ್ಬರೂ ಅದನ್ನು ಗಮನಿಸಿದ್ದು ಆಮೇಲೆ.

ರೂಪರ್ಟ್ ಅಣ್ಣನಿಗೆ ಈ ಕಾಗದ ತೋರಿಸು. ಬುಧವಾರ ಸಂಜೆಯವರೆಗೆ ಅವನಿಗೆ ಸಮಯವಿದೆ. ಅವನು ಮೊದಲು ಹೇಳಿದರೆ ನಾನು ಅವನ ಪಕ್ಕದಲ್ಲಿ ನಿಲ್ಲುತ್ತೇನೆ. ಹೇಳದಿದ್ದರೆ ಎದುರಿಗೆ ನಿಲ್ಲುತ್ತೇನೆ, ಆಗಲೂ ಅವನ ತಂಗಿಯಾಗಿಯೇ. ಅಪ್ಪನ ಮಾತು ತಲುಪಿತು. ನಮ್ಮ ಮನೆಯ ಬಾಗಿಲು ತಟ್ಟುವುದಿಲ್ಲ. ಸಭೆಯವರೊಬ್ಬರ ಮನೆಯಲ್ಲಿ ಇಳಿಯುತ್ತೇವೆ.

ಟೋಬಿಗೆ ಕಾಲುಚೀಲ ಇಲ್ಲಿಂದ ತರುತ್ತಿದ್ದೇನೆ, ದಪ್ಪ ಉಣ್ಣೆಯದು, ನಾನೇ ಹೆಣೆದದ್ದು. ಒಂದು ಉದ್ದ ಒಂದು ಗಿಡ್ಡ.

ಮುತ್ತು ಒಂದೇ ಅಕ್ಕಾ. ನೀನು ಸಿಕ್ಕಿದರೆ ಕೊಡುತ್ತೇನೆ.

ನಾಲ್ಕನೇ ದಿನ ಬರುತ್ತೇನೆ, ನಿನ್ನ ಲೆಕ್ಕದಲ್ಲಿ ಬುಧವಾರ, ಹತ್ತನೇ ತಾರೀಖು. ಬೆಳಗಿನ ಗಾಡಿಗೆ ಕೆಂಡಾಲ್ ಬಿಟ್ಟು, ಲೀಡ್ಸ್‌ನಲ್ಲಿ ಬದಲಿಸಿ, ಸಂಜೆ ನಾಲ್ಕು ಇಪ್ಪತ್ತರ ಗಾಡಿಯಲ್ಲಿ ಯಾರ್ಕ್‌ಗೆ.

ಲವೀನಿಯಾ